ಮೊಳಕೆಕಾಳಿಗೆ ಉಪ್ಪುನೀರು ಬೇಕಾ?

ಪ್ರಶ್ನೆ: ಮೇಡಂ, ಹೆಸರುಕಾಳು, ಸಾಸಿವೆ ಎರಡನ್ನೂ ಮನೆಯಲ್ಲೇ ಮೊಳಕೆ ಬರಿಸುತ್ತೇನೆ. ನೆನೆಸುವ ನೀರಿಗೆ ಉಪ್ಪು ಹಾಕಿ, ಆಮೇಲೆ ಬೆಳಕಿಗಿಟ್ಟರೆ ಆ್ಯಂಟಿಆಕ್ಸಿಡೆಂಟ್ ಜಾಸ್ತಿ ಆಗುತ್ತದೆ ಅಂತ ಒಂದು ವಿಡಿಯೊದಲ್ಲಿ ನೋಡಿದೆ. ನಿಜಾನಾ?
– ಓದುಗರು, ತುಮಕೂರು

ಉತ್ತರ: ಸುಳ್ಳೇನಲ್ಲ, ಆದರೆ ಅರ್ಧ ಮಾತ್ರ ಹೇಳಿದ್ದಾರೆ. ಗಿಡಕ್ಕೆ ಕಷ್ಟ ಬಂದರೆ ಎದ್ದು ಓಡೋಕೆ ಆಗಲ್ಲ ಅಲ್ವಾ? ಅದಕ್ಕೇ ಉಪ್ಪೋ, ಹುಳವೋ, ಚುರುಕು ಬೆಳಕೋ ತಾಗಿದಾಗ ಫೀನಾಲಿಕ್‌ನಂಥ ಆ್ಯಂಟಿಆಕ್ಸಿಡೆಂಟ್ ಪದಾರ್ಥಗಳನ್ನು ಒಳಗೇ ತಯಾರಿಸಿಕೊಂಡು ತಡೆದುಕೊಳ್ಳುತ್ತದೆ. ನಾವು ಆಸೆಪಡುವುದು ಅದರ ಮೇಲೇ. ಲ್ಯಾಬ್‌ನಲ್ಲಿ ಮೊಳಕೆಗೆ ಯುವಿ-ಬಿ (ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಕಿರಣ) ಬೆಳಕು ಬಿಡುತ್ತಾರೆ, ಇಲ್ಲವೇ ಮೀಥೈಲ್ ಜಾಸ್ಮೊನೇಟ್ ಸಿಂಪಡಿಸುತ್ತಾರೆ. ಮೊದಲು ಮಲ್ಲಿಗೆ ಎಣ್ಣೆಯಲ್ಲಿ ಸಿಕ್ಕ ವಸ್ತು ಅದು. ಅದು ತಾಗಿದರೆ ಸಾಕು, ಹುಳ ಕಚ್ಚದಿದ್ದರೂ ಕಚ್ಚಿತು ಅಂತ ಗಿಡ ಅಂದುಕೊಳ್ಳುತ್ತದೆ.

ಉಪ್ಪಿನ ತೊಂದರೆ ಏನೆಂದರೆ, ಸ್ವಲ್ಪ ಹೆಚ್ಚಾದರೂ ಬೇರು ಮೊಂಡಾಗಿ ಮೊಳಕೆ ಅಲ್ಲೇ ನಿಂತುಬಿಡುತ್ತದೆ. ಅಡುಗೆಮನೆಯ ಚಿಟಿಕೆ ಲೆಕ್ಕಕ್ಕೆ ಇದು ಸಿಗಲ್ಲ, ಸುಮ್ನೆ ಕೈಬಿಡಿ. ಬೆಳಕು ಮಾತ್ರ ಖಂಡಿತ ಕೊಡಿ. ಹೆಸರುಕಾಳಿನ ಮೊಳಕೆ ಬಟ್ಟೆಯಿಂದ ಹೊರಗೆ ಇಣುಕಿದ ಮೇಲೆ ತಟ್ಟೆಯಲ್ಲಿ ಹರಡಿ, ಒಂದೆರಡು ದಿನ ಕಿಟಕಿ ಹತ್ತಿರ ಇಟ್ಟು ಆಗಾಗ ನೀರು ಚಿಮುಕಿಸಿ. ನೇರ ಬಿಸಿಲಿಗೆ ಬೇಡ, ಒಣಗಿಹೋಗುತ್ತದೆ. ಪುಟ್ಟ ಎಲೆ ಹಸಿರಾಗುತ್ತಾ ಬಂದ ಹಾಗೆ ವಿಟಮಿನ್ ಸಿ, ಕ್ಯಾರೊಟಿನಾಯ್ಡ್ (ಕ್ಯಾರೆಟ್‌ಗೆ ಬಣ್ಣ ಕೊಡುವಂಥ ವಸ್ತು) ಏರುತ್ತವೆ, ರುಚಿ ಚೂರು ಒಗರಾಗುತ್ತದೆ. ಮಕ್ಕಳು ಮುಖ ಸಿಂಡರಿಸಬಹುದು.

ಸಾಸಿವೆ ಕಥೆ ಬೇರೆ. ಅದು ಬ್ರಕೋಲಿಯ ಕುಟುಂಬದ್ದು. 1997ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು, ಮೂರು ದಿನದ ಬ್ರಕೋಲಿ ಮೊಳಕೆಯಲ್ಲಿ ಗ್ಲುಕೊರಾಫನಿನ್ ಎಂಬ ಗಂಧಕದ ಸಂಯುಕ್ತ ಬಲಿತ ಗಿಡಕ್ಕಿಂತ 10ರಿಂದ 100 ಪಟ್ಟು ಇರುತ್ತದೆ ಅಂತ ತೋರಿಸಿದರು. ಉಪ್ಪೂ ಬೇಕಿಲ್ಲ, ಔಷಧಿಯೂ ಬೇಕಿಲ್ಲ, ಎಳೆಯದಾಗಿದ್ದರೆ ಆಯ್ತು. ಆದರೆ ಗ್ಲುಕೊರಾಫನಿನ್ ಹಾಗೇ ಇದ್ದರೆ ಉಪಯೋಗ ಕಡಿಮೆ. ಜಗಿದಾಗ, ಜಜ್ಜಿದಾಗ ಮೈರೊಸಿನೇಸ್ ಎಂಬ ಕಿಣ್ವ ಸೇರಿ ಅದು ನಮಗೆ ಬೇಕಾದ ಸಲ್ಫೊರಾಫೇನ್ ಎಂಬ ವಸ್ತು ಆಗಬೇಕು. ಹಸಿ ಸಾಸಿವೆ ಅರೆದಾಗ ಮೂಗಿಗೆ ಹೊಡೆಯುವ ಘಾಟೂ ಇದೇ ಕಿಣ್ವದ ಕೆಲಸ. ಬೇಯಿಸಿದರೆ ಕಿಣ್ವ ಸಾಯುತ್ತದೆ.

ಹಾಗಂತ ಹಸಿಯಾಗಿ ತಿನ್ನಿ ಅಂತ ನಾನು ಹೇಳಲ್ಲ. ಬೆಚ್ಚಗೆ, ಒದ್ದೆಯಾಗಿ ಇರುವ ಬಟ್ಟೆಗಂಟು ಮೊಳಕೆಗೆ ಎಷ್ಟು ಇಷ್ಟವೋ ಬ್ಯಾಕ್ಟೀರಿಯಾಕ್ಕೂ ಅಷ್ಟೇ ಇಷ್ಟ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯ ಮೊಳಕೆಯಿಂದ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಹಬ್ಬಿ 50ರಷ್ಟು ಜನ ಸತ್ತರು. ಮನೆಯಲ್ಲಿ ಬಸುರಿ, ವಯಸ್ಸಾದವರು, ಚಿಕ್ಕ ಮಕ್ಕಳು ಇದ್ದರೆ ಚೆನ್ನಾಗಿ ಬೇಯಿಸಿಯೇ ಕೊಡಿ. ಬೇಯಿಸಿದ ಸಾಸಿವೆ ಮೊಳಕೆ ಸ್ವಲ್ಪ ಆರಿದ ಮೇಲೆ ಚಿಟಿಕೆ ಹಸಿ ಸಾಸಿವೆ ಪುಡಿ ಕಲಸಿ, ಹೋದ ಕಿಣ್ವ ಅದರಿಂದ ಮತ್ತೆ ಸಿಗುತ್ತದೆ. ಒಗ್ಗರಣೆಯಲ್ಲಿ ಸಿಡಿದ ಸಾಸಿವೆಗೆ ಆ ಶಕ್ತಿ ಇಲ್ಲ.