ಇಬ್ಬರು ಜಾನ್‌ಗಳಲ್ಲಿ ನಮ್ಮವನು ಯಾರು?

ಪ್ರಶ್ನೆ: ನಾನು ಬಾಗಲಕೋಟೆ ಕಡೆಯವಳು. ಮದುವೆಯಾಗಿ ಇಂಗ್ಲೆಂಡಿಗೆ ಬಂದು 14 ವರ್ಷವಾಯಿತು, ಯಾರ್ಕ್ ಹತ್ತಿರ ಇದ್ದೇವೆ. ನಮ್ಮ ಯಜಮಾನರು ಇಲ್ಲಿಯವರೇ. ಮಾವ ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯ ಕಾಗದ ನೋಡುತ್ತ ಮನೆತನದ ಮೂಲ ಹುಡುಕತೊಡಗಿದೆ. ನಮ್ಮ ತವರಿಗೆ ಹೆಳವರು ಬಂದು ತಲೆಮಾರುಗಳ ಹೆಸರು ಹೇಳಿ ಹೋಗುತ್ತಿದ್ದರು, ಇಲ್ಲಿ ಅಂಥವರಿಲ್ಲ. 1851ರ ಜನಗಣತಿಯಲ್ಲಿ 60 ವರ್ಷದ ಹೊಲದ ಕೂಲಿ ಜಾನ್ ಸಿಕ್ಕ. ಆದರೆ ಚರ್ಚಿನ ರಿಜಿಸ್ಟರ್‌ಗಳಲ್ಲಿ ಅದೇ ಹೆಸರು, ಅದೇ ಅಡ್ಡಹೆಸರಿನ ಇಬ್ಬರು ಕೂಸುಗಳ ದೀಕ್ಷಾಸ್ನಾನವಿದೆ. ಒಂದು 1789ರದು, ಇನ್ನೊಂದು ಪಕ್ಕದ ಪ್ಯಾರಿಷ್‌ನಲ್ಲಿ (ಒಂದು ಚರ್ಚಿಗೆ ಸೇರಿದ ಊರುಗಳ ವ್ಯಾಪ್ತಿ) 1791ರದು. ನಮ್ಮವನು ಯಾರು? ಪೆಟ್ಟಿಗೆಯಲ್ಲಿ ಹಳೆಯ ಉಯಿಲೊಂದರ ನಕಲೂ ಇತ್ತು. ಅದರಲ್ಲಿ ಹಿರಿಮಗನಿಗೆ ಬರೀ ಒಂದು ಶಿಲ್ಲಿಂಗ್. ಮನೆಯಿಂದ ಹೊರಹಾಕಿದ್ದರೇ? ಅಲ್ಲದೆ ಉಯಿಲು ಬರೆದದ್ದು ಡಿಸೆಂಬರ್ 1748, ಅದನ್ನು ಕೋರ್ಟು ಒಪ್ಪಿದ್ದು ಫೆಬ್ರವರಿ 1748 ಎಂದಿದೆ. ಇದು ಹೇಗೆ ಸಾಧ್ಯ?

ಉತ್ತರ: ಮೊದಲು ಮಾಡಬೇಕಾದ ಕೆಲಸ ಕೇಳಲು ಕಠೋರ ಅನ್ನಿಸೀತು. ಆ ಇಬ್ಬರು ಕೂಸುಗಳಲ್ಲಿ ಯಾರಾದರೂ ಸಣ್ಣವರಿದ್ದಾಗಲೇ ತೀರಿಹೋದರೇ ಎಂದು ಸಮಾಧಿ ರಿಜಿಸ್ಟರ್ ನೋಡಿ. ಎರಡೂ ಪ್ಯಾರಿಷ್‌ಗಳದ್ದನ್ನು, ಹುಟ್ಟಿದ ವರ್ಷದಿಂದ ಕನಿಷ್ಠ ಹದಿನೈದು ವರ್ಷದವರೆಗೆ, ಸಾಲು ಸಾಲಾಗಿ ಓದಿ. ಸೂಚಿಯನ್ನು ನಂಬಿ ಕೂರಬೇಡಿ. ನಾನು ಒಮ್ಮೆ ಒಂದು ಮನೆತನಕ್ಕಾಗಿ ಎರಡು ವರ್ಷ ಒಬ್ಬ ವಿಲಿಯಂನ ಹಿಂದೆ ಹೋಗಿದ್ದೆ. ಅವನ ತಂದೆ, ಅಜ್ಜ, ಮುತ್ತಜ್ಜ ಎಲ್ಲ ಸಿಕ್ಕರು. ಆಮೇಲೆ ಒಂದು ದಿನ ಬೇರೇನೋ ಹುಡುಕುವಾಗ ದೀಕ್ಷಾಸ್ನಾನದ ಸಾಲಿನಿಂದ ಎರಡೇ ಹಾಳೆ ಆಚೆ ಅವನ ಹೆಸರು ಮತ್ತೆ ಕಣ್ಣಿಗೆ ಬಿತ್ತು. ಹನ್ನೊಂದು ದಿನದ ಕೂಸನ್ನು ಮಣ್ಣು ಮಾಡಿದ್ದರು. ಎರಡು ವರ್ಷದ ಕೆಲಸ ಬೇರೆ ಯಾರದೋ ಮನೆಯದಾಗಿತ್ತು. ಆ ಸಾಲು ಇವತ್ತಿಗೂ ನನ್ನ ಕಣ್ಣ ಮುಂದಿದೆ: ಕಂದು ಮಸಿ, ಓರೆಯಾದ ಅಕ್ಷರ, ಹೆಸರಿನ ಮುಂದೆ ‘ಶಿಶು’ ಎಂಬ ಒಂದೇ ಮಾತು. ಹೆಸರು ಹೊಂದಿದ ಮಾತ್ರಕ್ಕೆ ಮನುಷ್ಯ ಹೊಂದುವುದಿಲ್ಲ. ಆಗಿನ ಹಳ್ಳಿಗಳಲ್ಲಿ ಜಾನ್, ವಿಲಿಯಂ, ಥಾಮಸ್ ಎಂಬ ಹೆಸರುಗಳೇ ಮನೆ ಮನೆಗೂ ಇದ್ದವು. ತೀರಿಹೋದ ಮಗನ ಹೆಸರನ್ನೇ ಮುಂದೆ ಹುಟ್ಟಿದವನಿಗೆ ಇಡುವುದೂ ರೂಢಿಯಲ್ಲಿತ್ತು.

ಇಬ್ಬರೂ ಬದುಕಿದ್ದರೆ? ಇಲ್ಲಿ ನಿಮ್ಮ ಊರಿನ ಅದೃಷ್ಟ ಒಂದಿದೆ. ಯಾರ್ಕ್‌ನಲ್ಲಿ ವಿಲಿಯಂ ಡೇಡ್ ಎಂಬ ಪಾದ್ರಿಯಿದ್ದರು. ದೀಕ್ಷಾಸ್ನಾನದ ದಾಖಲೆಯಲ್ಲಿ ಮಗುವಿನ ಹೆಸರಷ್ಟೇ ಸಾಲದು. ಎಷ್ಟನೆಯ ಮಗು, ಹುಟ್ಟಿದ ದಿನ, ತಂದೆಯ ಕಸುಬು, ತಂದೆಯ ತಂದೆ ಯಾರು, ತಾಯಿ ಯಾರ ಮಗಳು, ಎಲ್ಲ ಇರಬೇಕೆಂದು ಅವರು ನಮೂನೆ ಮಾಡಿದರು. 1777ರಲ್ಲಿ ಯಾರ್ಕ್ ಆರ್ಚ್‌ಬಿಷಪ್ ಆ ಪದ್ಧತಿ ಹರಡುವಂತೆ ನೋಡಿಕೊಂಡರು. ಎಲ್ಲ ಪಾದ್ರಿಗಳೂ ಪಾಲಿಸಲಿಲ್ಲ. ದೊಡ್ಡ ಪ್ಯಾರಿಷ್‌ಗಳಲ್ಲಿ ಬರೆದು ಸಾಕಾಗಿ ಕೈಬಿಟ್ಟವರೂ ಉಂಟು. 1813ರ ಜನವರಿಯಿಂದ ದೇಶಕ್ಕೆಲ್ಲ ಒಂದೇ ಅಚ್ಚಿನ ನಮೂನೆ ಬಂದಾಗ ಇದು ನಿಂತೇಹೋಯಿತು. ಆದರೆ ನಿಮ್ಮ ಎರಡೂ ವರ್ಷಗಳು ಈ ಅವಧಿಯೊಳಗೇ ಬೀಳುತ್ತವೆ. ನೀವು ನೋಡಿರುವುದು ಬಹುಶಃ ಯಾರೋ ಟೈಪ್ ಮಾಡಿದ ಒಂದು ಸಾಲಿನ ಸಾರಾಂಶ. ಮೂಲ ಹಾಳೆಯ ಚಿತ್ರ ತೆರೆದು ನೋಡಿ. ಅಲ್ಲಿ ಎರಡು ಬದಿಯ ಅಜ್ಜಂದಿರೂ ಕೂತಿರಬಹುದು.

ರಿಜಿಸ್ಟರ್ ಜೊತೆಗೆ, ಪ್ರತಿ ವರ್ಷ ಬಿಷಪ್ ಕಚೇರಿಗೆ ಕಳಿಸುತ್ತಿದ್ದ ನಕಲನ್ನೂ ನೋಡಿ. 1598ರಿಂದ ಈ ನಿಯಮವಿತ್ತು. ಒಂದರಲ್ಲಿ ಬಿಟ್ಟುಹೋದದ್ದು ಇನ್ನೊಂದರಲ್ಲಿ ಇರುತ್ತದೆ, ಕೆಲವೊಮ್ಮೆ ಹೆಸರೇ ಬೇರೆ ಇರುತ್ತದೆ. ಜನಗಣತಿಯ ವಿಷಯ: 1841ರದು ದೊಡ್ಡವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆದದ್ದು, ಅದನ್ನು ನೆಚ್ಚಬೇಡಿ. 1851ರದು ಹುಟ್ಟಿದ ಊರನ್ನೇ ಹೇಳುತ್ತದೆ, ಆ ಊರು ಎರಡು ಪ್ಯಾರಿಷ್‌ಗಳಲ್ಲಿ ಯಾವುದಕ್ಕೆ ಸೇರುತ್ತದೆ ನೋಡಿ. ಜಾನ್‌ನ ಮದುವೆಯ ದಾಖಲೆಯಲ್ಲಿ ತಂದೆಯ ಹೆಸರು ಸಿಗದು, ಅದು 1837ರ ನಂತರ ಬಂದದ್ದು. ಆದರೆ 1754ರಿಂದ ಸಾಕ್ಷಿಗಳ ಸಹಿ ಇರುತ್ತದೆ, ಸಾಕ್ಷಿ ಹಾಕಿದವರು ಅಣ್ಣನೋ ತಂಗಿಯೋ ಆಗಿರುವುದು ಸಾಮಾನ್ಯ. ಅವನು ಕೂಲಿಯವನಾದ್ದರಿಂದ ಬಡವರ ಕಾನೂನಿನ ಕಾಗದಗಳನ್ನೂ ಕೇಳಿ. ಕಷ್ಟಕಾಲದಲ್ಲಿ ಯಾವ ಪ್ಯಾರಿಷ್ ಅವನನ್ನು ಸಾಕಬೇಕು ಎಂದು ತೀರ್ಮಾನಿಸಲು ಅಧಿಕಾರಿಗಳು ಹುಟ್ಟು, ದುಡಿದ ಜಾಗ ಎಲ್ಲ ವಿಚಾರಿಸಿ ಬರೆದುಕೊಳ್ಳುತ್ತಿದ್ದರು. ಬಡವನ ಬದುಕು ಅವನ ಬಾಯಿಂದಲೇ ಬಂದು ದಾಖಲಾದದ್ದು ಆ ಕಾಗದಗಳಲ್ಲಿ. ನನಗೆ ಅವುಗಳ ಮೇಲೆ ಬಹಳ ಪ್ರೀತಿ.

ಇನ್ನು ಉಯಿಲು. ರಿಜಿಸ್ಟರ್ ಒಂದೊಂದೇ ಮಣಿ ಕೊಟ್ಟರೆ ಅವನ್ನು ಪೋಣಿಸುವ ದಾರ ಉಯಿಲು. ನಿಮ್ಮ ತಾರೀಖಿನ ಗೊಂದಲ ಬಿಡಿಸುವುದು ಸುಲಭ: 1752ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಹಾಗಾಗಿ 1748ರ ಡಿಸೆಂಬರ್ ಆದ ಮೇಲೆ 1748ರದೇ ಫೆಬ್ರವರಿ. ನಮ್ಮ ಲೆಕ್ಕದಲ್ಲಿ ಅದು 1749. ನಿಮ್ಮ ಪಟ್ಟಿಯಲ್ಲಿ 1748/9 ಎಂದು ಬರೆದುಕೊಂಡರೆ ಮುಂದೆ ತೊಡಕಾಗದು.

ಶಿಲ್ಲಿಂಗ್ ವಿಷಯದಲ್ಲಿ ದುಡುಕಬೇಡಿ. ಎಷ್ಟೋ ಮನೆಗಳಲ್ಲಿ ಹಿರಿಮಗನ ಪಾಲು ಅವನ ಮದುವೆಯಲ್ಲೇ ಕೊಟ್ಟು ಮುಗಿದಿರುತ್ತಿತ್ತು. ಸ್ವಂತ ಜಮೀನು ಉಯಿಲಿಲ್ಲದೆಯೂ ಹಿರಿಯನಿಗೇ ಹೋಗುತ್ತಿತ್ತು, ಜಮೀನ್ದಾರಿಯ ಕೆಳಗಿನ ಹಿಡುವಳಿ ಅಲ್ಲಿನ ಮೇನರ್ ಕೋರ್ಟಿನ, ಅಂದರೆ ಜಮೀನ್ದಾರನ ಕೋರ್ಟಿನ, ಪುಸ್ತಕದ ಮೂಲಕ ಕೈಬದಲಾಗುತ್ತಿತ್ತು. ಶಿಲ್ಲಿಂಗ್ ಕೊಟ್ಟದ್ದು ‘ಇವನನ್ನು ಮರೆತಿಲ್ಲ’ ಎಂದು ತೋರಿಸಲು. ಸಿಟ್ಟಿದ್ದ ತಂದೆ ಸಾಮಾನ್ಯವಾಗಿ ಕಾರಣವನ್ನೂ ಬರೆಸುತ್ತಿದ್ದ. ಆ ಮೇನರ್ ಪುಸ್ತಕ ಉಳಿದಿದ್ದರೆ ಹಿರಿಮಗನ ಹೊಲ ಅದರಲ್ಲಿ ಸಿಗುತ್ತದೆ.

ಹಳೆಯ ಉಯಿಲಿನ ನೆಂಟಸ್ತಿಕೆಯ ಮಾತುಗಳನ್ನು ಇವತ್ತಿನ ಅರ್ಥದಲ್ಲಿ ಓದಿದರೆ ಮೋಸಹೋಗುತ್ತೇವೆ. ಎಲ್ಲರೂ ಬಲ್ಲ ಶೇಕ್ಸ್‌ಪಿಯರ್‌ನ ಮನೆತನವನ್ನೇ ನೋಡಿ. ಸ್ಟ್ರಾಟ್‌ಫರ್ಡ್ ರಿಜಿಸ್ಟರ್‌ನಲ್ಲಿ ಅವನ ದೀಕ್ಷಾಸ್ನಾನ 26 ಏಪ್ರಿಲ್ 1564 ಎಂದಿದೆ. ಆದರೆ ಆ ಹಾಳೆ ಅವತ್ತು ಬರೆದದ್ದಲ್ಲ. 1598ರ ಆಜ್ಞೆಯಂತೆ ಹಳೆಯ ಕಾಗದಗಳಿಂದ ಚರ್ಮದ ಹಾಳೆಗೆ ಒಂದೇ ಕೈಯಲ್ಲಿ ಇಳಿಸಿದ ನಕಲು. ಅವನ ಅವಳಿ ಮಕ್ಕಳ ದೀಕ್ಷಾಸ್ನಾನ ಅಲ್ಲಿ 2 ಫೆಬ್ರವರಿ 1584, ನಮಗೆ 1585. 1582ರ ನವೆಂಬರ್‌ನಲ್ಲಿ ಮದುವೆಯ ಪರವಾನಗಿ ಬರೆದುಕೊಂಡ ವೂಸ್ಟರ್ ಬಿಷಪ್ ಕಚೇರಿಯ ಪುಸ್ತಕದಲ್ಲಿ ವಧು ಆನ್ ವೇಟ್ಲಿ, ಮಾರನೆಯ ದಿನದ ಮುಚ್ಚಳಿಕೆಯಲ್ಲಿ ಆನ್ ಹ್ಯಾಥವೇ. ಅವಳ ತಂದೆಯ ಉಯಿಲಿನಲ್ಲಿ ಮಗಳ ಹೆಸರು ಆಗ್ನೆಸ್. ಆ ಕಾಲಕ್ಕೆ ಆನ್, ಆಗ್ನೆಸ್ ಎರಡನ್ನೂ ಒಬ್ಬಳಿಗೇ ಬಳಸುತ್ತಿದ್ದರು. ಶೇಕ್ಸ್‌ಪಿಯರ್‌ನ ಸ್ವಂತ ಉಯಿಲಿನಲ್ಲಿ ಎಲಿಜಬೆತ್ ಹಾಲ್ ‘ನೀಸ್’ (ಇವತ್ತಿನ ಅರ್ಥದಲ್ಲಿ ಒಡಹುಟ್ಟಿದವರ ಮಗಳು) ಎಂದಿದೆ, ಆದರೆ ಅವಳು ಮಗಳ ಮಗಳು, ಸಾಕ್ಷಾತ್ ಮೊಮ್ಮಗಳು. ತಂಗಿಯ ಮೂವರು ಗಂಡುಮಕ್ಕಳಲ್ಲಿ ಒಬ್ಬನ ಹೆಸರಿನ ಜಾಗ ಖಾಲಿ ಬಿಟ್ಟಿದೆ. ಆ ಹುಡುಗನ ಹೆಸರು ಥಾಮಸ್ ಎಂದು ತಿಳಿಸುವುದು ರಿಜಿಸ್ಟರ್. ಇಷ್ಟು ಹೆಸರಾಂತ ಮನೆಯಲ್ಲೇ ಹೀಗಿದ್ದರೆ ಹೊಲದ ಕೂಲಿಯ ಮನೆಯ ದಾಖಲೆಯಲ್ಲಿ ಎಷ್ಟು ಎಚ್ಚರ ಬೇಕು, ನೀವೇ ನೋಡಿ. ಹಾಗೆಯೇ ‘ಸನ್ ಇನ್ ಲಾ’ ಎಂದರೆ ಅಳಿಯನೇ ಆಗಬೇಕಿಲ್ಲ, ಹೆಂಡತಿಯ ಮೊದಲ ಮದುವೆಯ ಮಗನೂ ಆಗಬಹುದು. ‘ಕಸಿನ್’ ಎಂದರೆ ಅಣ್ಣನ ಮಗನೂ ಆದೀತು.

ಜಾನ್‌ನ ತಂದೆ ಉಯಿಲು ಬರೆಯದಿದ್ದರೆ ನಿರಾಸೆ ಬೇಡ. ಮದುವೆಯಾಗದ ಅತ್ತೆ, ಮಕ್ಕಳಿಲ್ಲದ ಚಿಕ್ಕಪ್ಪ ಯಾರಾದರೂ ಇದ್ದರೇ ಹುಡುಕಿ. ಅಂಥವರು ಅಣ್ಣತಮ್ಮಂದಿರ ಮಕ್ಕಳನ್ನು ಒಬ್ಬೊಬ್ಬರಾಗಿ ಹೆಸರಿಸಿ ಚಮಚ, ಹಾಸಿಗೆ, ಹತ್ತು ಶಿಲ್ಲಿಂಗ್ ಹಂಚಿರುತ್ತಾರೆ. ಇಬ್ಬರು ಜಾನ್‌ಗಳನ್ನು ಬೇರ್ಪಡಿಸುವ ಸಾಲು ಅಲ್ಲೇ ಸಿಕ್ಕೀತು. 1858ರ ಜನವರಿ 12ಕ್ಕೆ ಮುಂಚಿನ ಉಯಿಲುಗಳನ್ನು ಚರ್ಚಿನ ಕೋರ್ಟುಗಳು ನೋಡುತ್ತಿದ್ದವು. ಯಾರ್ಕ್ ಕೋರ್ಟುಗಳದ್ದು ನಿಮ್ಮ ಊರಿನ ವಿಶ್ವವಿದ್ಯಾಲಯದ ಬಾರ್ತ್‌ವಿಕ್ ಸಂಸ್ಥೆಯಲ್ಲಿವೆ. ಹೆಚ್ಚು ಆಸ್ತಿಯಿದ್ದವರು ಕ್ಯಾಂಟರ್ಬರಿ ಕೋರ್ಟಿಗೆ ಹೋಗಿದ್ದರೆ ಅದು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ. ಬಾರ್ತ್‌ವಿಕ್‌ಗೆ ಖುದ್ದಾಗಿ ಹೋಗಿ. ಪೆನ್ನು ಒಯ್ಯಬೇಡಿ, ಪೆನ್ಸಿಲ್ ಸಾಕು. ಉಯಿಲಿನ ಜೊತೆ ಮನೆಯ ಸಾಮಾನಿನ ಪಟ್ಟಿ ಇದೆಯೇ ಎಂದು ಕೇಳಲು ಮರೆಯಬೇಡಿ. ನೆರೆಯವರು ಕೋಣೆ ಕೋಣೆ ನೋಡಿ ಹಸು, ಪಾತ್ರೆ, ಹೊದಿಕೆ ಎಲ್ಲಕ್ಕೂ ಬೆಲೆ ಕಟ್ಟಿ ಬರೆದ ಪಟ್ಟಿ ಅದು. ಅದನ್ನು ಓದಿದರೆ ಅವರ ಅಡುಗೆಮನೆಯಲ್ಲೇ ನಿಂತಂತಾಗುತ್ತದೆ.

ಪ್ರಶ್ನೆ: ನಮ್ಮ ತಾಯಿಯ ಮುತ್ತಜ್ಜ ಇಂಗ್ಲಿಷ್ ಸೈನಿಕ, ಬೆಂಗಳೂರಿನ ದಂಡಿನಲ್ಲಿದ್ದವರು. ಅವರ ಮದುವೆ, ಮಕ್ಕಳ ದಾಖಲೆ ಎಲ್ಲಿ ಸಿಗುತ್ತದೆ? ಮೈಸೂರಿನ ಕಡತಗಳಲ್ಲಿ ಏನೂ ಇಲ್ಲ.

ಉತ್ತರ: ಮೈಸೂರಿನಲ್ಲಲ್ಲ, ಮದ್ರಾಸಿನ ಹೆಸರಿನಲ್ಲಿ ಹುಡುಕಿ. ಬೆಂಗಳೂರು ದಂಡಿನ ಪಾದ್ರಿಗಳು ದೀಕ್ಷಾಸ್ನಾನ, ಮದುವೆ, ಸಮಾಧಿಗಳ ಲೆಕ್ಕವನ್ನು ಮದ್ರಾಸಿಗೆ ಕಳಿಸುತ್ತಿದ್ದರು, ಅಲ್ಲಿಂದ ಒಂದು ನಕಲು ಲಂಡನ್ನಿಗೆ ಹೋಗುತ್ತಿತ್ತು. ಅವು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದಲ್ಲಿವೆ. ಅಲ್ಲಿ ಮದ್ರಾಸ್, ಬಂಗಾಳ, ಬೊಂಬಾಯಿಗೆ ಬೇರೆ ಬೇರೆ ಸೂಚಿಗಳುಂಟು. ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ಸ್ವಲ್ಪ ಭಾಗ ದುಡ್ಡಿಲ್ಲದೆ ನೋಡಬಹುದು. ಮೊದಲು ಮದುವೆ ಹುಡುಕಿ: ರೆಜಿಮೆಂಟಿನ ಹೆಸರು ಬಹುತೇಕ ಅದರಲ್ಲಿ ಬರೆದಿರುತ್ತದೆ. ಅದು ಸಿಕ್ಕರೆ ಸೈನ್ಯದ ಕಡತದ ಮೂಲಕ ಇಂಗ್ಲೆಂಡಿನಲ್ಲಿ ಅವರು ಹುಟ್ಟಿದ ಪ್ಯಾರಿಷ್‌ವರೆಗೂ ಹೋಗಬಹುದು. ಉಯಿಲು ಬರೆದಿದ್ದರೆ ಅದರ ನಕಲೂ ಅದೇ ಸಂಗ್ರಹದ ಮದ್ರಾಸ್ ಕಟ್ಟಿನಲ್ಲಿ ಇರಬೇಕು. ಅಂದಹಾಗೆ, ಬೆಂಗಳೂರಿನ ಹಳೆಯ ದಂಡಿನ ಚರ್ಚುಗಳಲ್ಲಿ ಮೂಲ ರಿಜಿಸ್ಟರ್ ಉಳಿದಿದೆಯೇ ಎಂದು ಪತ್ರ ಬರೆದು ವಿಚಾರಿಸಿ. ನಕಲಿನಲ್ಲಿ ಬಿಟ್ಟುಹೋದ ಸಾಲು ಅಲ್ಲಿರಬಹುದು.