ಪ್ರತಿಕ್ರಿಯೆ: ಮಗಳ ಲ್ಯಾಪ್‌ಟಾಪ್‌ಗೆ ಐ5 ಒಳ್ಳೇದಾ, ರೈಜೆನ್ 5 ಒಳ್ಳೇದಾ?
ನಮಸ್ಕಾರ. ಇಂಜಿನಿಯರಿಂಗ್ ಸೇರಿರೋ ಮಗಳಿಗೆ ಅಂಗಡಿಯವರು ಒಂದೇ ಬೆಲೆಗೆ ಇಂಟೆಲ್ ಐ5-1335ಯು, ಎಎಮ್‌ಡಿಯ ರೈಜೆನ್ 5 7520ಯು ಪ್ರೊಸೆಸರ್ ಇರೋ ಎರಡು ಲ್ಯಾಪ್‌ಟಾಪ್ ತೋರಿಸಿದ್ದಾರೆ, ಎಎಮ್‌ಡಿ ಬಿಸಿಯಾಗುತ್ತಾ ಅಂತ ಕೇಳಿದ್ದೀರಿ.

ಬಿಸಿಯಾಗುತ್ತೆ ಅನ್ನೋದು ಎಎಮ್‌ಡಿಯ ಹಳೇ ಎಫ್ಎಕ್ಸ್ ಚಿಪ್‌ಗಳ ಕಾಲದ ಮಾತು. 2017ರಲ್ಲಿ ರೈಜೆನ್ ಬಂದಮೇಲೆ ಆ ಕಥೆ ಮುಗೀತು. ಅದನ್ನ ತಲೆಯಿಂದ ತೆಗೆದುಬಿಡಿ.

ಆದರೂ ಈ ಎರಡರಲ್ಲಿ ನಾನು ಇಂಟೆಲ್‌ದೇ ತಗೋತೀನಿ. ಕಾರಣ ಬ್ರ್ಯಾಂಡ್ ಅಲ್ಲ, ನಂಬರು. ವಿನ್ಯಾಸ ಯಾವ ತಲೆಮಾರಿನದು ಅಂತ ಹೇಳೋ 7520ರ ಮೂರನೇ ಅಂಕಿ ನೋಡಿ: 2. ಅಂದ್ರೆ ಒಳಗಿರೋದು 2019ರ ಜೆನ್ 2 ವಿನ್ಯಾಸ, ನಾಲ್ಕೇ ಕೋರ್ (ಚಿಪ್ಪಿನೊಳಗೆ ಕೆಲಸ ಮಾಡೋ ಘಟಕ). ಮೊದಲಲ್ಲಿ 7 ಇದೆ ಅಂತ ಹೊಸದು ಅನ್ಕೊಂಡು ಎಷ್ಟು ಜನ ಮೋಸಹೋಗಿದ್ದಾರೋ! ಇದರಲ್ಲಿ ರ‍್ಯಾಮ್ ಕೂಡ ಬೋರ್ಡಿಗೇ ಬೆಸುಗೆ ಹಾಕಿರುತ್ತೆ, ಆಮೇಲೆ ಹೆಚ್ಚಿಸೋಕಾಗಲ್ಲ. 1335ಯುನಲ್ಲಿ ಎರಡು ದೊಡ್ಡ, ಎಂಟು ಚಿಕ್ಕ ಕೋರ್ ಇವೆ. ಅದೇ ಬೆಲೆಗೆ ರೈಜೆನ್ 5 7530ಯು ಸಿಕ್ಕರೆ ಮಾತ್ರ ಲೆಕ್ಕ ಬೇರೆ: ಜೆನ್ 3, ಆರು ಕೋರ್. ಆಗ ಸ್ಕ್ರೀನ್, ಕೀಬೋರ್ಡ್ ಯಾವುದು ಚೆನ್ನಾಗಿದೆಯೋ ಅದನ್ನೇ ತಗೊಳ್ಳಿ.

ರ‍್ಯಾಮ್ 16 ಜಿಬಿ ಇರಲಿ. ನಮ್ಮಕ್ಕನ ಮಗ 8 ಸಾಕು ಅಂತ ತಗೊಂಡ. ಈಗ ಎಮ್ಯುಲೇಟರ್ (ಒಂದು ಸಾಧನದೊಳಗೆ ಇನ್ನೊಂದನ್ನ ಅನುಕರಿಸೋ ಸಾಫ್ಟ್‌ವೇರ್) ಆನ್ ಮಾಡಿ, ಟೀ ಕುಡಿದು ಬಂದು ಕೂರ್ತಾನೆ. ಅಂಗಡೀಲಿ 8 ಇರೋದನ್ನೇ ಕೊಟ್ಟರೆ, ಇನ್ನೊಂದು ರ‍್ಯಾಮ್ ಹಾಕೋಕೆ ಖಾಲಿ ಸ್ಲಾಟ್ ಇದೆಯಾ ಅಂತ ದುಡ್ಡು ಕೊಡೋ ಮುಂಚೆ ಕೇಳಿ.