ಹೈಡ್ರೋಸ್ಟಾಟಿಕ್ ಟ್ರ್ಯಾಕ್ಟರ್ ಲೋಡರ್: ಪೆಡಲ್ ಎಷ್ಟು ತುಳಿಯಬೇಕು, ಯಾವ ರೇಂಜ್‌ನಲ್ಲಿ ಓಡಿಸಬೇಕು

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ನಾಲ್ಕು ವರ್ಷದ ಹಿಂದೆ ನಾನೂ ಡೀಲರ್ ಹತ್ತಿರ ಹೋಗಿ ಇದನ್ನೇ ಹೇಳಿ ಬಂದಿದ್ದೆ. ನೀವು ಬರೆದಿರೋದು ಇಷ್ಟು ತಾನೆ: ಮುಂದೆ ಬಕೆಟ್ ಲೋಡರ್ ಇರೋ 25 ಎಚ್‌ಪಿ ಹೈಡ್ರೋಸ್ಟಾಟಿಕ್ ಟ್ರ್ಯಾಕ್ಟರ್, ಅಂದ್ರೆ ಎಣ್ಣೆ ಒತ್ತಡದಿಂದ ಚಕ್ರ ಓಡಿಸೋದು, ತಗೊಂಡಿದ್ದೀರಿ. ಜಲ್ಲಿ ಗುಡ್ಡೆಗೆ ಬಕೆಟ್ ಕೊಟ್ಟರೆ ಒಂದಡಿ ನುಗ್ಗಿ ನಿಂತುಬಿಡುತ್ತದೆ. ಪೆಡಲ್ ಪೂರ್ತಿ ತುಳಿದರೂ ಜಪ್ಪಯ್ಯ ಅಂದರೂ ಮುಂದೆ ಹೋಗಲ್ಲ, ಸಿಳ್ಳೆ ಹೊಡೆದ ಹಾಗೆ ಶಬ್ದ ಬರುತ್ತದೆ. ಖಾಲಿ ಬಕೆಟ್ ಇಟ್ಟುಕೊಂಡು ಹುಲ್ಲಿನ ಮೇಲೆ ಹೋದರೆ ಕುದುರೆ ಹಾಗೆ ಕುಪ್ಪಳಿಸುತ್ತದೆ. ಮೆಷಿನ್ನೇ ಕೆಟ್ಟದ್ದಾ ಅಂತ ಕೇಳಿದ್ದೀರಿ. ವಾಪಸ್ ಕೊಟ್ಟುಬಿಡಿ ಅಂತ ಮೇಲೆ ಒಬ್ಬರು ಹೇಳಿದ್ದಾರೆ. ಸ್ವಲ್ಪ ತಡೀರಿ.

ಮೆಷಿನ್ ಸರಿಯಾಗೇ ಇದೆ ಅಂತ ನನ್ನ ಅಂದಾಜು. ತೊಂದರೆ ಇರೋದು ನಮ್ಮ ಕಾಲಿನಲ್ಲಿ. ಊರಲ್ಲಿ ಗೇರ್ ಟ್ರ್ಯಾಕ್ಟರ್, ಜೆಸಿಬಿ ನೋಡಿ ಬೆಳೆದವರು ನಾವು. ಭಾರ ಬಂತು ಅಂದ್ರೆ ಆಕ್ಸಿಲರೇಟರ್ ಒತ್ತು, ಇನ್ನೂ ಬಂತು ಅಂದ್ರೆ ಇನ್ನೂ ಒತ್ತು. ಆದರೆ ನಿಮ್ಮ ಪಾದದ ಕೆಳಗಿರೋದು ಆಕ್ಸಿಲರೇಟರ್ ಅಲ್ಲ. ಅದು ಗೇರ್. ಜಾಸ್ತಿ ತುಳಿದಷ್ಟೂ ಮೇಲಿನ ಗೇರ್‌ಗೆ ಹೋಗುತ್ತಾ ಇರುತ್ತೀರಿ. ಲೋಡ್ ಲಾರಿಯವನು ಶಿರಾಡಿ ಘಾಟಿ ಹತ್ತುವಾಗ ಟಾಪ್ ಗೇರ್ ಹಾಕಿದರೆ ಏನಾಗುತ್ತದೋ ನಿಮ್ಮ ಜಲ್ಲಿ ಗುಡ್ಡೆ ಮುಂದೆ ಆಗುತ್ತಿರೋದೂ ಅದೇ.

ಒಳಗೆ ನಡೆಯೋದು ಹೀಗೆ. ಇಂಜಿನ್ ಒಂದು ಪಿಸ್ಟನ್ ಪಂಪ್ ತಿರುಗಿಸುತ್ತದೆ. ಅದರಲ್ಲಿ ಸ್ವಾಶ್ ಪ್ಲೇಟ್ ಅಂತ ವಾಲುವ ತಟ್ಟೆ ಒಂದಿದೆ. ಪೆಡಲ್ ತುಳಿದರೆ ತಟ್ಟೆ ವಾಲುತ್ತದೆ. ಎಷ್ಟು ವಾಲಿತೋ ಅಷ್ಟು ಎಣ್ಣೆ ಮೋಟರ್‌ಗೆ ಹೋಗುತ್ತದೆ, ಮೋಟರ್ ಚಕ್ರ ತಿರುಗಿಸುತ್ತದೆ. ತಟ್ಟೆ ನೆಟ್ಟಗಿದ್ದರೆ ಎಣ್ಣೆ ಹೋಗಲ್ಲ, ಗಾಡಿ ನಿಂತಿರುತ್ತದೆ. ಆಚೆ ಕಡೆಗೆ ವಾಲಿದರೆ ಹಿಂದಕ್ಕೆ ಓಡುತ್ತದೆ. ಎಣ್ಣೆ ಎಷ್ಟು ಹರಿಯಿತು ಅನ್ನೋದು ವೇಗ, ಎಷ್ಟು ಒತ್ತಡದಲ್ಲಿ ಹರಿಯಿತು ಅನ್ನೋದು ಬಲ. ಪೆಡಲ್ ಪೂರ್ತಿ ತುಳಿದು ಗುಡ್ಡೆಗೆ ನುಗ್ಗಿದರೆ ಎರಡೂ ಒಟ್ಟಿಗೆ ಬೇಕು ಅಂತ ಕೇಳಿದ ಹಾಗೆ. 25 ಎಚ್‌ಪಿ ಎಲ್ಲಿಂದ ಕೊಡುತ್ತದೆ? ಪೆಡಲ್ ಸ್ವಲ್ಪ ಬಿಡಿ. ಎಣ್ಣೆ ಕಡಿಮೆಯಾಗುತ್ತದೆ, ಇಂಜಿನ್‌ಗೆ ಉಸಿರು ಬರುತ್ತದೆ, ಒತ್ತಡ ಏರುತ್ತದೆ, ಚಕ್ರ ತಳ್ಳುತ್ತದೆ. ಒತ್ತಡ ಮಿತಿ ಮೀರಿದರೆ ಮಾತ್ರ ರಿಲೀಫ್ ವಾಲ್ವ್ ತೆರೆದುಕೊಂಡು ಎಣ್ಣೆ ಕೆಲಸ ಮಾಡದೆ ಸುತ್ತು ಹೊಡೆಯುತ್ತದೆ. ನಿಮಗೆ ಕೇಳಿಸಿದ ಸಿಳ್ಳೆ ಅದೇ.

ಹಾಗಾಗಿ ಗಾಡಿ ನಿಂತಾಗ ಕಾಲು ಒತ್ತುವ ಮೊದಲು ಕಿವಿ ಕೊಡಿ. ಇಂಜಿನ್ ಶಬ್ದ ಕುಗ್ಗಿ ಗೊರ ಗೊರ ಅಂದರೆ ವೇಗ ಜಾಸ್ತಿ ಕೇಳಿದ್ದೀರಿ, ಪೆಡಲ್ ಅರ್ಧ ಬಿಡಿ. ಇಂಜಿನ್ ಆರಾಮಾಗಿ ಓಡುತ್ತಾ ಸಿಳ್ಳೆ ಮಾತ್ರ ಬರುತ್ತಿದ್ದು ಚಕ್ರ ತಿರುಗದೆ ಇದ್ದರೆ ರಿಲೀಫ್ ತೆರೆದಿದೆ. ಆಗ ಪೆಡಲ್‌ನಿಂದ ಏನೂ ಆಗಲ್ಲ, ರೇಂಜ್ (ಲಿವರ್‌ನಿಂದ ಹಾಕೋ ಲೋ, ಮೀಡಿಯಂ, ಹೈ ಅನ್ನೋ ಗೇರ್ ಹಂತ) ಇಳಿಸಬೇಕು. ಆ ಸಿಳ್ಳೆಯಲ್ಲಿ ಹತ್ತು ಹದಿನೈದು ಸೆಕೆಂಡ್ ಸುಮ್ನೆ ಒತ್ತಿ ಹಿಡಿಯಬೇಡಿ, ಎಣ್ಣೆ ಕಾಯೋದು ಬಿಟ್ಟು ಬೇರೆ ಲಾಭ ಇಲ್ಲ. ಇನ್ನು ಚಕ್ರ ತಿರುಗುತ್ತಾ ಇದ್ದು ಗಾಡಿ ಅಲ್ಲೇ ಇದ್ದರೆ ಬಲ ಸಾಕಾಗಿದೆ, ಹಿಡಿತ ಸಾಲದು. ಫೋರ್ ವೀಲ್ ಹಾಕಿ, ಹಿಂದೆ ಭಾರ ಕಟ್ಟಿ. ನಿಮ್ಮದು ಎರಡನೇ ಜಾತಿ ಅನ್ನಿಸುತ್ತದೆ. ರೇಂಜ್ ಲಿವರ್ ಮೀಡಿಯಂ ಅಥವಾ ಹೈನಲ್ಲಿ ಇತ್ತೇನೋ. ಡೀಲರ್ ಹುಡುಗ ಟ್ರೇಲರ್‌ನಿಂದ ಇಳಿಸಿ ಶೆಡ್ ತನಕ ಬಿಡುವಾಗ ಹಾಕಿದ್ದು ಹಾಗೇ ಉಳಿದಿರುತ್ತದೆ. ನಂದೂ ಹಾಗೇ ಆಗಿತ್ತು.

ಗುಡ್ಡೆ ಕೆಲಸ ಅಂದ್ರೆ ಲೋ ರೇಂಜ್. ಇದರಲ್ಲಿ ಚರ್ಚೆ ಇಲ್ಲ. ರೇಂಜ್ ಬದಲಿಸುವಾಗ ಗಾಡಿ ಪೂರ್ತಿ ನಿಂತಿರಬೇಕು, ಓಡುತ್ತಿರುವಾಗ ಎಳೆದರೆ ಗೇರ್ ಹಲ್ಲು ತಿಂದುಕೊಳ್ಳುತ್ತದೆ. ನಿಂತಾಗಲೂ ಲಿವರ್ ಕೂರದಿದ್ದರೆ ಬಲ ಹಾಕಬೇಡಿ. ಪೆಡಲನ್ನು ಕೂದಲೆಳೆಯಷ್ಟು ಮುಟ್ಟಿ ಬಿಡಿ, ಹಲ್ಲು ಸರಿದು ತಾನಾಗೇ ಕೂರುತ್ತದೆ.

ನಾನು ಜಲ್ಲಿ ತುಂಬೋದು ಹೇಗೆ ಅಂತ ಹೇಳ್ತೀನಿ. ಗುಡ್ಡೆಗೆ ನೇರಕ್ಕೆ ನಿಲ್ಲಿಸ್ತೀನಿ, ಓರೆಯಾಗಿ ಅಲ್ಲ. ಬಕೆಟ್ ತಳ ನೆಲಕ್ಕೆ ಚಪ್ಪಟೆ. ಲೋ, ಫೋರ್ ವೀಲ್, ಇಂಜಿನ್ 1,800ರಿಂದ 2,000 ಆರ್‌ಪಿಎಂ. ನಡೆದು ಹೋಗೋ ವೇಗಕ್ಕಿಂತ ನಿಧಾನವಾಗಿ ಗುಡ್ಡೆ ಮುಟ್ಟಿಸ್ತೀನಿ. ಬಕೆಟ್ ಅರ್ಧ ಒಳಗೆ ಹೋದಾಗ ಇಂಜಿನ್ ಧ್ವನಿ ಇಳಿಯುತ್ತದೆ ನೋಡಿ, ಆ ಹೊತ್ತಿಗೆ ಸರಿಯಾಗಿ ಬಲಗಾಲು ಸ್ವಲ್ಪ ಎತ್ತಬೇಕು, ಬಲಗೈ ಬಕೆಟ್ಟನ್ನು ಸ್ವಲ್ಪ ಮೇಲಕ್ಕೆ ಮಡಿಸಬೇಕು. ಮಡಿಸಿದ ಕೂಡಲೇ ಎದುರಿಗಿದ್ದ ಜಲ್ಲಿ ಸಡಿಲವಾಗಿ ಒಳಗೆ ಬೀಳುತ್ತದೆ. ಮತ್ತೆ ಅರ್ಧ ಅಡಿ ಮುಂದೆ, ಮತ್ತೆ ಮಡಿಸು. ಮೂರು ಸಲ ಹೀಗೆ ಮಾಡಿದರೆ ಬಕೆಟ್ ತುಂಬಿರುತ್ತದೆ, ಒಂದು ಸಲವೂ ಸಿಳ್ಳೆ ಬಂದಿರಲ್ಲ. ಅನ್ನಕ್ಕೆ ಸಾರು ಕಲಸುವ ಕೈ ಬೇಕು ಇದಕ್ಕೆ, ಕೊಡಲಿ ಏಟು ಹಾಕುವ ಕೈ ಅಲ್ಲ. ಜೆಸಿಬಿಯವರು ದೂರದಿಂದ ಬಂದು ಗುದ್ದೋದನ್ನ ನೋಡಿ ಕಲಿಯಬೇಡಿ. ಅದರ ತೂಕ ಏಳು ಟನ್ನಿಗೂ ಜಾಸ್ತಿ. ನಮ್ಮದು ಒಂದು ಟನ್ ಆಸುಪಾಸಿನ ಮರಿ. ಗುದ್ದಿದರೆ ಬಾಗೋದು ಲೋಡರ್ ತೋಳು, ಇಲ್ಲಾ ಅದನ್ನು ಕೂರಿಸಿದ ಬ್ರಾಕೆಟ್ಟು.

ಆರ್‌ಪಿಎಂ ಏರಿಸಿ ಅಂತ ಇನ್ನೊಬ್ಬರು ಬರೆದಿದ್ದಾರೆ. ಅರ್ಧ ಸರಿ. ಲೋಡರ್ ಎತ್ತುವ ಪಂಪ್ ಬೇರೆ, ಚಕ್ರ ಓಡಿಸುವ ಪಂಪ್ ಬೇರೆ. ಎರಡನ್ನೂ ತಿರುಗಿಸೋದು ಒಂದೇ ಇಂಜಿನ್. ಲೋಡರ್ ಪಂಪ್‌ಗೆ ವಾಲುವ ತಟ್ಟೆ ಇಲ್ಲ, ಇಂಜಿನ್ ತಿರುಗಿದಷ್ಟು ಎಣ್ಣೆ ಕೊಡುತ್ತದೆ ಅಷ್ಟೇ. ಹಾಗಾಗಿ ಐಡಲ್‌ನಲ್ಲಿ ತೋಳು ಆಮೆ ಹಾಗೆ ಏಳುತ್ತದೆ, ಗಾಡಿ ಮಾತ್ರ ಸಾಕಷ್ಟು ಮುಂದೆ ಹೋಗಿರುತ್ತದೆ. ಟ್ರೇಲರ್ ಹತ್ತಿರ ಹೋಗಿ ಬಕೆಟ್ ಇನ್ನೂ ಏಳಲಿಲ್ಲ ಅಂತ ಬ್ರೇಕ್ ಹೊಡೆಯೋದು ಇದರಿಂದಲೇ. ಕೈ ಥ್ರಾಟಲ್‌ನಿಂದ ಆರ್‌ಪಿಎಂ ಏರಿಸಿ ಒಂದು ಕಡೆ ನಿಲ್ಲಿಸಿಬಿಡಿ, ಮುಂದೆ ಹೋಗೋ ವೇಗವನ್ನ ಕಾಲಿನಿಂದ ಮಾತ್ರ ನೋಡಿಕೊಳ್ಳಿ. ಗೇರ್ ಟ್ರ್ಯಾಕ್ಟರ್‌ನಲ್ಲಿ ಕ್ಲಚ್ ಒತ್ತಿ ಒತ್ತಿ ಮಾಡೋ ಕೆಲಸ ಇಲ್ಲಿ ಹೀಗೆ ಸಲೀಸು. ಹೈಡ್ರೋಗೆ ಜಾಸ್ತಿ ದುಡ್ಡು ಕೊಟ್ಟಿದ್ದೇ ಇದಕ್ಕೆ, ಅಲ್ವಾ? ಆದರೆ ಹೈ ರೇಂಜ್ ಇಟ್ಟುಕೊಂಡು ಆರ್‌ಪಿಎಂ ಎಷ್ಟು ಏರಿಸಿದರೂ ಗುಡ್ಡೆ ಅಲ್ಲಾಡಲ್ಲ, ಅದು ಆ ಉತ್ತರದಲ್ಲಿ ಬಿಟ್ಟುಹೋದ ಅರ್ಧ.

ಎಷ್ಟು ವೇಗ ಅಂತ ಅಂಕಿಯಲ್ಲಿ ಕೇಳಿದ್ದೀರಿ. ಅಳೆಯೋದು ಸುಲಭ. ಟೇಪ್ ಹಿಡಿದು 88 ಅಡಿಗೆ ಎರಡು ಗೂಟ ಹೊಡೆಯಿರಿ. ಎಷ್ಟು ಸೆಕೆಂಡ್‌ನಲ್ಲಿ ದಾಟಿದಿರೋ ಅದರಿಂದ 60ನ್ನು ಭಾಗಿಸಿ, ಗಂಟೆಗೆ ಎಷ್ಟು ಮೈಲಿ ಅಂತ ಬರುತ್ತದೆ. ನನ್ನದರಲ್ಲಿ ಪಿಟಿಒ (ಟ್ರ್ಯಾಕ್ಟರ್‌ಗೆ ಕಟ್ಟಿದ ಉಪಕರಣ ತಿರುಗಿಸೋ ಶಾಫ್ಟ್) ಗುರುತಿನ ಆರ್‌ಪಿಎಂ ಇಟ್ಟು ಪೂರ್ತಿ ತುಳಿದರೆ ಲೋದಲ್ಲಿ 19 ಸೆಕೆಂಡ್, ಅಂದ್ರೆ 3 ಮೈಲಿಗೆ ಸ್ವಲ್ಪ ಮೇಲೆ. ಮೀಡಿಯಂನಲ್ಲಿ 9 ಸೆಕೆಂಡ್, ಹೈನಲ್ಲಿ 5. ಆರ್‌ಪಿಎಂ ಅರ್ಧಕ್ಕಿಳಿಸಿದರೆ ವೇಗವೂ ಹೆಚ್ಚುಕಮ್ಮಿ ಅರ್ಧ. ಗುಡ್ಡೆಗೆ ನುಗ್ಗುವಾಗ 1 ಮೈಲಿ ಸಾಕು. ತುಂಬಿದ ಬಕೆಟ್ ಸಮತಟ್ಟು ನೆಲದಲ್ಲಿ ಸಾಗಿಸಲು 2ರಿಂದ 3. ಬಕೆಟ್ ಬೆನ್ನಿನಿಂದ ಹಿಂದಕ್ಕೆಳೆದು ನೆಲ ಸಮ ಮಾಡುವಾಗಲೂ ನಿಧಾನವೇ ಸರಿ, ಓಡಿಸಿದರೆ ನೆಲ ಅಲೆ ಅಲೆಯಾಗುತ್ತದೆ. ಖಾಲಿ ಬಕೆಟ್‌ನಲ್ಲಿ ವಾಪಸ್ ಬರುವಾಗ ಮಾತ್ರ ಮೀಡಿಯಂ, ಅದೂ ಐವತ್ತು ಅರವತ್ತು ಗಜಕ್ಕಿಂತ ದೂರ ಇದ್ದರೆ. ಹತ್ತಿರ ಇದ್ದರೆ ಲೋದಲ್ಲೇ ಓಡಾಡಿ. ರೇಂಜ್ ಬದಲಿಸುವ ಹೊತ್ತಿನಲ್ಲಿ ಇನ್ನೊಂದು ಬಕೆಟ್ ತಂದಿರುತ್ತೀರಿ.

ಕುಪ್ಪಳಿಸೋ ವಿಷಯ. ಇದಕ್ಕೆ ನನ್ನ ಹೆಂಡತಿ ಉತ್ತರ ಹುಡುಕಿದ್ದು, ನಾನಲ್ಲ. ನಾನು ಕಾಲನ್ನು ಗಾಳಿಯಲ್ಲಿ ಇಟ್ಟುಕೊಂಡು ಪೆಡಲ್ ತುಳಿಯುತ್ತಿದ್ದೆ. ಗುಂಡಿ ಬಂದಾಗ ಸೀಟು ಮೇಲೆ ಹೋಗುತ್ತದೆ, ಕಾಲು ಪೆಡಲ್ ಬಿಡುತ್ತದೆ, ಗಾಡಿ ತಡೆಯುತ್ತದೆ. ಸೀಟು ಕೆಳಗೆ ಬರುತ್ತದೆ, ಕಾಲು ಮತ್ತೆ ಒತ್ತುತ್ತದೆ, ಗಾಡಿ ಜಿಗಿಯುತ್ತದೆ. ಆ ಜಿಗಿತಕ್ಕೆ ಸೀಟು ಮತ್ತೆ ಕುಣಿಯುತ್ತದೆ. ಅವಳು ಪಕ್ಕದಲ್ಲಿ ನಿಂತು ನೋಡಿ, "ಹಿಮ್ಮಡಿ ನೆಲಕ್ಕೆ ಊರ್ರೀ, ಹೊಲಿಗೆ ಮೆಷಿನ್ ತುಳಿದ ಹಾಗೆ" ಅಂದಳು. ಅಷ್ಟೇ. ಅಕ್ಕಪಕ್ಕ ಎರಡು ಪೆಡಲ್ ಇರುವ ಗಾಡಿಯಾದರೆ ಹಿಮ್ಮಡಿ ನೆಲಕ್ಕೆ ಊರಿ ಕಣಕಾಲಿನಿಂದ ಮಾತ್ರ ಒತ್ತಿ. ಮುಂಗಾಲಲ್ಲಿ ಮುಂದೆ, ಹಿಮ್ಮಡಿಯಲ್ಲಿ ಹಿಂದೆ ಅನ್ನೋ ಒಂದೇ ಪೆಡಲ್ ಆದರೆ ಹಿಮ್ಮಡಿ ಊರೋಕೆ ಆಗಲ್ಲ, ಪಾದದ ಪಕ್ಕವನ್ನು ಹತ್ತಿರದ ಯಾವುದಾದರೂ ಗಟ್ಟಿ ಅಂಚಿಗೆ ಆನಿಸಿಕೊಳ್ಳಿ. ರೇಂಜ್ ಇಳಿಸಿದರೆ ಇದೂ ಅರ್ಧ ಕಮ್ಮಿಯಾಗುತ್ತದೆ. ಲೋದಲ್ಲಿ ಪೆಡಲ್ ಒಂದಿಂಚು ಆಡಿದರೆ ಆಗುವ ವ್ಯತ್ಯಾಸ ಸಣ್ಣದು, ಹೈನಲ್ಲಿ ಅದೇ ಒಂದಿಂಚಿಗೆ ತಲೆ ಹಿಂದಕ್ಕೆ ಹೋಗುತ್ತದೆ. ಲೋಡರ್ ಕೆಲಸಕ್ಕೆ ಕ್ರೂಸ್ (ಕಾಲು ತೆಗೆದರೂ ಒಂದೇ ವೇಗ ಹಿಡಿಯೋದು) ಹಾಕಲೇಬೇಡಿ, ಅದು ಹುಲ್ಲು ಕತ್ತರಿಸೋಕೆ.

ಇಳಿಜಾರಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ನಮ್ಮದು ಪೆನ್ಸಿಲ್ವೇನಿಯಾದ ದಿಣ್ಣೆ ಜಾಗ, ಮನೆಯಿಂದ ಕೊಟ್ಟಿಗೆಗೆ ಇಳಿಜಾರು ದಾರಿ. ಮೊದಲ ವರ್ಷ ಜಲ್ಲಿ ತುಂಬಿದ ಬಕೆಟ್ ಹಿಡಿದು ಮೀಡಿಯಂನಲ್ಲಿ ಇಳಿದೆ. ಹುಲ್ಲು ಹಾಳಾಗಬಾರದು ಅಂತ ಟೂ ವೀಲ್‌ಗೆ ಹಾಕಿದ್ದೆ. ಹಿಂದೆ ಏನೂ ಕಟ್ಟಿರಲಿಲ್ಲ. ಜಲ್ಲಿ ಒಂದು ಘನ ಗಜಕ್ಕೆ ಸುಮಾರು 2,800 ಪೌಂಡ್, ಬಕೆಟ್‌ನಲ್ಲಿದ್ದದ್ದು ಅದರ ಮೂರನೇ ಒಂದು ಭಾಗ. ಅಷ್ಟು ಭಾರ ಮೂತಿಯಲ್ಲಿ ಇದ್ದಾಗ ಹಿಂದಿನ ಚಕ್ರ ನೆಲವನ್ನು ಸುಮ್ನೆ ಸವರುತ್ತಿರುತ್ತದೆ. ಪೆಡಲ್ ಬಿಟ್ಟೆ, ಹಿಂದಿನ ಚಕ್ರ ನಿಂತಿತು, ಗಾಡಿ ನಿಲ್ಲಲಿಲ್ಲ. ಬ್ರೇಕ್ ಒತ್ತಿದೆ, ಅದೂ ಹಿಂದಿನ ಚಕ್ರಕ್ಕೇ ತಾನೆ ಇರೋದು. ಒದ್ದೆ ಹುಲ್ಲಿನ ಮೇಲೆ ಹಲಗೆ ಜಾರಿದ ಹಾಗೆ ಜಾರಿತು. ಬಕೆಟ್ ಮೊದಲೇ ಮೊಣಕಾಲಿಗಿಂತ ಕೆಳಗೆ ಇತ್ತು, ಅದನ್ನು ಇಳಿಸಿ ನೆಲಕ್ಕೆ ಒರಗಿಸಿದೆ. ಬೇಲಿಗೆ ಆರಡಿ ಇದ್ದಾಗ ನಿಂತಿತು. ಹುಲ್ಲಿನಲ್ಲಿ ಬಕೆಟ್ ಕೊರೆದ ಗೆರೆ ಬೇಸಿಗೆ ಪೂರ್ತಿ ಕಾಣುತ್ತಿತ್ತು.

ಅವತ್ತಿನಿಂದ ಇಳಿಜಾರಿಗೆ ಬರುವ ಮೊದಲೇ ಫೋರ್ ವೀಲ್, ಲೋ. ಫೋರ್ ವೀಲ್ ಹಾಕಿದರೆ ಮುಂದಿನ ಚಕ್ರವೂ ಶಾಫ್ಟ್ ಮೂಲಕ ಹಿಂದಿನದಕ್ಕೆ ಕಟ್ಟಿಕೊಂಡಿರುತ್ತದೆ, ಭಾರ ಇರೋ ಕಡೆಯೇ ತಡೆ ಸಿಗುತ್ತದೆ. ಲೋದಲ್ಲಿ ಪೆಡಲ್ ಬಿಟ್ಟರೆ ಹೈಡ್ರೋನೇ ಹಿಡಿದುಕೊಳ್ಳುತ್ತದೆ. ರೇಂಜ್ ಲಿವರ್ ನ್ಯೂಟ್ರಲ್‌ಗೆ ಬಂತೋ ಆ ಹಿಡಿತವೂ ಇಲ್ಲ, ಹಾಗಾಗಿ ಇಳಿಜಾರಲ್ಲಿ ನಿಂತು ರೇಂಜ್ ಬದಲಿಸೋ ಕೆಲಸ ಬೇಡ. ಹಿಂದೆ ಉಪಕರಣ ಕಟ್ಟೋ ಮೂರು ಪಾಯಿಂಟ್ ಕೊಂಡಿಗೆ ಸಿಮೆಂಟ್ ತುಂಬಿದ ಭಾರದ ಪೆಟ್ಟಿಗೆ ಯಾವಾಗಲೂ ಇರುತ್ತದೆ. ಎಷ್ಟು ಭಾರ ಅಂತ ಲೋಡರ್ ಮ್ಯಾನುಯಲ್‌ನಲ್ಲಿ ಬರೆದಿರುತ್ತಾರೆ, ಅದನ್ನು ನೋಡಿ. ಬಕೆಟ್ ಮೇಲಿದ್ದಾಗ ಪೆಡಲ್ ಪಟಕ್ಕಂತ ಬಿಡಬೇಡಿ. ಬಿಟ್ಟರೆ ಅದೇ ಬ್ರೇಕು, ಗಾಡಿ ಮೂಗು ಮುಗ್ಗರಿಸುತ್ತದೆ. ಸೀಟ್ ಬೆಲ್ಟ್ ಹಾಕಿ, ತಲೆ ಹಿಂದಿನ ರೋಲ್ ಬಾರ್ ಎತ್ತಿ ನಿಲ್ಲಿಸಿ.

ಈಗಿನ ಕೆಲವು ಗಾಡಿಗಳಲ್ಲಿ ಪೆಡಲ್ ತಾನೇ ಹಿಂದೆ ಸರಿದ ಹಾಗೆ ಮಾಡೋ ವ್ಯವಸ್ಥೆ ಇದೆ. ಜಾನ್ ಡೀರ್‌ನವರು ಲೋಡ್‌ಮ್ಯಾಚ್ ಅಂತಾರೆ, ಕುಬೋಟಾದವರ ಎಚ್‌ಎಸ್‌ಟಿ (ಹೈಡ್ರೋಸ್ಟಾಟಿಕ್ ಟ್ರಾನ್ಸ್‌ಮಿಷನ್) ಪ್ಲಸ್‌ನಲ್ಲಿ ಸ್ಟಾಲ್ ಗಾರ್ಡ್ ಅಂತಾರೆ. ಇಂಜಿನ್ ಕುಗ್ಗಿದರೆ ಅದೇ ವೇಗ ಇಳಿಸಿ ನಿಲ್ಲದಂತೆ ನೋಡಿಕೊಳ್ಳುತ್ತದೆ. ಚೆನ್ನಾಗಿದೆ, ಆದರೆ ನಾನಂತೂ ಅದಕ್ಕೋಸ್ಕರ ಹೆಚ್ಚು ದುಡ್ಡು ಕೊಡಲ್ಲ. ಒಂದು ವಾರಾಂತ್ಯದಲ್ಲಿ ಕಾಲಿಗೆ ಕಲಿಸಬಹುದು. ಈ ಹೈಡ್ರೋ ವಿದ್ಯೆ ಹೊಸದೂ ಅಲ್ಲ, ಇಂಟರ್‌ನ್ಯಾಷನಲ್ ಹಾರ್ವೆಸ್ಟರ್‌ನವರು 1967ರಲ್ಲೇ 656 ಟ್ರ್ಯಾಕ್ಟರ್‌ಗೆ ಹಾಕಿ ಮಾರಿದ್ದರು. ಎಣ್ಣೆ ಬಿಸಿಯಾಗೋದರಲ್ಲಿ ಸ್ವಲ್ಪ ಶಕ್ತಿ ಹೋಗುತ್ತದೆ, ಅದಕ್ಕೇ ಇಡೀ ದಿನ ಉಳುವವರು ಇವತ್ತೂ ಗೇರ್ ಟ್ರ್ಯಾಕ್ಟರ್ ಕಡೆಗೇ ಒಲಿಯುತ್ತಾರೆ. ಮುಂದೆ ಹಿಂದೆ, ಮುಂದೆ ಹಿಂದೆ ಅನ್ನೋ ಲೋಡರ್ ಕೆಲಸಕ್ಕೆ ಹೈಡ್ರೋನೇ ರಾಜ.

ಚಳಿಗಾಲದಲ್ಲಿ ಇನ್ನೊಂದು ನೆನಪಿರಲಿ. ಎಣ್ಣೆ ದಪ್ಪ ಆಗಿರುತ್ತದೆ, ಸ್ಟಾರ್ಟ್ ಮಾಡಿದ ಕೂಡಲೇ ಪೆಡಲ್ ಮಂದ, ಶಬ್ದ ಜಾಸ್ತಿ. ನಾನು ಹತ್ತು ನಿಮಿಷ ಬಿಟ್ಟು ಒಂದು ಲೋಟ ಕಾಫಿ ಮುಗಿಸಿ ಬರ್ತೀನಿ.

ಈ ಶನಿವಾರ ಲೋ ಹಾಕಿ, ಫೋರ್ ವೀಲ್ ಹಾಕಿ, ಹಿಂದೆ ಭಾರ ಕಟ್ಟಿ ಅದೇ ಗುಡ್ಡೆಗೆ ಮತ್ತೊಂದು ಸಲ ಬಕೆಟ್ ಕೊಡಿ. 88 ಅಡಿ ಲೆಕ್ಕವನ್ನೂ ಮಾಡಿ ಇಲ್ಲಿ ಹಾಕಿ. ಲೋದಲ್ಲೂ ಬಿಸಿಯಾದ ಎಣ್ಣೆಯಲ್ಲಿ ಸಿಳ್ಳೆ ಬಂದು ಗಾಡಿ ತಳ್ಳದಿದ್ದರೆ, ಅಥವಾ ಖಾಲಿ ಓಡುವಾಗಲೂ ಮ್ಯಾನುಯಲ್‌ನಲ್ಲಿ ಬರೆದ ವೇಗಕ್ಕಿಂತ ತುಂಬಾ ಕಮ್ಮಿ ಬಂದರೆ, ಆಗ ಮೊದಲು ಎಣ್ಣೆ ಮಟ್ಟ ನೋಡಿ, ಆಮೇಲೆ ಎಚ್‌ಎಸ್‌ಟಿ ಫಿಲ್ಟರ್, ಆಮೇಲೆ ಪೆಡಲ್‌ನಿಂದ ಪಂಪ್‌ಗೆ ಹೋಗೋ ರಾಡ್ ಪೂರ್ತಿ ಎಳೆಯುತ್ತಿದೆಯಾ ಅಂತ. ಹೊಸ ಗಾಡಿ ಅಲ್ವಾ, ಎಷ್ಟು ಗಂಟೆ ಓಡಿದೆ ಅನ್ನೋದನ್ನೂ ಬರೆಯಿರಿ. ಸಾಮಾನ್ಯವಾಗಿ 50 ಗಂಟೆಗೆ ಮೊದಲ ಫಿಲ್ಟರ್ ಬದಲಾಯಿಸಬೇಕು, ಅದು ಬಾಕಿ ಇದ್ದರೆ ಡೀಲರ್‌ಗೆ ಫೋನ್ ಮಾಡೋ ಮುಂಚೆ ಅದನ್ನ ಮುಗಿಸಿ.